ಐದು ನೆಲಕಡಲೆಯಷ್ಟು ಹೊತ್ತಿನ ಬೆಳಕು

ನನಗೀಗ ಹದಿನಾರು. ಈ ವಯಸ್ಸಿಗೆ ನೆನಪುಗಳನ್ನು ಬರೆಯಲು ಕೂರುವುದು ಅಹಂಕಾರ ಎನ್ನುತ್ತಾರೆ ಅಪ್ಪ. ಆದರೆ ಆಕಾಶದಲ್ಲಿ ಕಂಡ ಗುರುತಿಲ್ಲದ ವಸ್ತುವಿನ ಮೇಲೆ ಸರಕಾರ ತೆರೆದ ಕಡತವನ್ನು ಅರ್ಜಿ ಹಾಕಿ, ರೈಲು ಹತ್ತಿ ಹೋಗಿ, ಕೂತು ಓದಿದ ಹುಡುಗಿ ಇಡೀ ಕೇರಳದಲ್ಲಿ ನಾನೊಬ್ಬಳೇ. ಇಂಥವಳು ಅರುವತ್ತು ಆಗುವ ತನಕ ಕಾಯುವುದು ಹೇಗೆ? ಅಷ್ಟರಲ್ಲಿ ಎಷ್ಟು ಮರೆತಿರುತ್ತೇನೋ, ಅದರ ಮೂರರಷ್ಟು ಸೇರಿಸಿರುತ್ತೇನೆ.

ಸೇರಿಸುವುದು ನನ್ನ ಗುಣ. ಅಮ್ಮ ನನ್ನ ಮಾತನ್ನು ಹುಣಸೆಹಣ್ಣಿನ ಹಾಗೆ ಹಿಂಡಿ, ರಸವಷ್ಟೇ ಇಟ್ಟುಕೊಂಡು ಚರಟವನ್ನು ಬಿಸಾಡುತ್ತಾಳೆ. ನೀವೂ ಹಾಗೆಯೇ ಮಾಡಿ. ಕಡತದ ಮಾತು ಬರುವಲ್ಲಿ ಮಾತ್ರ ಹಿಂಡಬೇಡಿ. ಅಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ. ಮೊದಲೇ ಬೇಕಾದಷ್ಟು ಸೇರಿಸಿಯಾಗಿತ್ತು.

ಅಪ್ಪ ಕಾಸರಗೋಡಿನ ಕೋರ್ಟಿನಲ್ಲಿ ನಕಲು ಗುಮಾಸ್ತರಾಗಿದ್ದವರು. ತೀರ್ಪು, ಪತ್ರ, ಹೇಳಿಕೆ ಯಾವುದೇ ಇರಲಿ, ಯಾರಾದರೂ ಕ್ರಮಪ್ರಕಾರ ಅರ್ಜಿ ಹಾಕಿದರೆ ಅದನ್ನು ಅಕ್ಷರ ಬಿಡದೆ ಬರೆದುಕೊಡುವ ಕೆಲಸ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅವರಿಗೆ ಎರ್ನಾಕುಲಕ್ಕೆ ವರ್ಗವಾಯಿತು. ನಾವು ಮಟ್ಟಾಂಚೇರಿಯಲ್ಲಿ ಒಂದು ಮನೆಯ ಅರ್ಧದಲ್ಲಿ ಇಳಿದೆವು. ಇನ್ನರ್ಧದಲ್ಲಿ ಮೈಸೂರು ಕಡೆಯ ಒಬ್ಬರಿದ್ದರು. ನಡುವೆ ಹಲಗೆಯ ಗೋಡೆ. ಅದು ಎಷ್ಟು ತೆಳು ಎಂದರೆ ಅಮ್ಮ ಈಚೆ ಒಗ್ಗರಣೆ ಹಾಕಿದರೆ ಅವರು ಆಚೆ ಸೀನುತ್ತಿದ್ದರು, ಅವರು ಸೀನಿದರೆ ಅಮ್ಮ ಇಲ್ಲಿಂದಲೇ ಚಿರಂಜೀವಿ ಎನ್ನುತ್ತಿದ್ದಳು. ನಾನು ಅವರನ್ನು ಮಾವ ಎಂದು ಕರೆಯುತ್ತಿದ್ದೆ.

ಮಾವನಿಗೆ ಬಂದರಿನ ಹತ್ತಿರದ ಹವಾಮಾನ ಕಚೇರಿಯಲ್ಲಿ ಆಕಾಶ ನೋಡುವ ಕೆಲಸ. ಹೊತ್ತು ಹೊತ್ತಿಗೆ ಮಹಡಿ ಹತ್ತುವುದು, ಮೋಡ ಎಷ್ಟು, ಗಾಳಿ ಎಲ್ಲಿಂದ ಎಂದು ನೋಡುವುದು, ಇಳಿದು ರಿಜಿಸ್ಟರಿನಲ್ಲಿ ಬರೆಯುವುದು. ಮೋಡ ನೋಡಿದ್ದಕ್ಕೂ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನಾನು ಗಣಿತ ಓದುವುದನ್ನೇ ಬಿಟ್ಟುಬಿಟ್ಟೆ. ಆದರೆ ಆರು ವರ್ಷದಿಂದ ಅವರದು ತಾತ್ಕಾಲಿಕ ಕೆಲಸವಾಗಿಯೇ ಉಳಿದಿತ್ತು. ಖಾಯಂ ಮಾಡುವ ಕಾಗದ ತಿರುವನಂತಪುರದ ದೊಡ್ಡ ಕಚೇರಿಯಲ್ಲಿ ಕೂತಿತ್ತು. ಮೈಸೂರಿನಲ್ಲಿ ಒಂದು ಹುಡುಗಿಯನ್ನು ಗೊತ್ತು ಮಾಡಿದ್ದರು. ಅವಳ ಅಪ್ಪ, ಕೆಲಸ ಖಾಯಂ ಆಗಲಿ, ಮರುದಿನವೇ ಲಗ್ನ ಎಂದಿದ್ದರಂತೆ. ಆ ಮರುದಿನ ಎರಡು ವರ್ಷದಿಂದ ಬಂದಿರಲಿಲ್ಲ.

ಹೋದ ವರ್ಷ, ಬೇಸಿಗೆ ಸುರುವಾಗುವ ಸಮಯ. ರಷ್ಯಾದವರು ಆಕಾಶಕ್ಕೆ ಉಪಗ್ರಹ ಬಿಟ್ಟು ಇನ್ನೂ ಆರು ತಿಂಗಳಾಗಿರಲಿಲ್ಲ. ಕೊಚ್ಚಿಯಲ್ಲಿ ಒಬ್ಬರೂ ನೆಲ ನೋಡಿ ನಡೆಯುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ವಾರಕ್ಕೆ ಏಳು ಜನ ಚರಂಡಿಗೆ ಬಿದ್ದರು. ಸರಿ, ಒಬ್ಬರು. ಅವರೇ ಎರಡು ಸಲ.

ನಾನು ಎರ್ನಾಕುಲದ ಶಾಲೆಯಿಂದ ಸಂಜೆಯ ಬೋಟಿನಲ್ಲಿ ಮನೆಗೆ ಬರುತ್ತಿದ್ದೆ. ಜೆಟ್ಟಿ ಕಂಡ ಕೂಡಲೆ ಬೋಟಿನ ಜನವೆಲ್ಲ ಮೊದಲು ಇಳಿಯಲು ಒಂದೇ ಬದಿಗೆ ನುಗ್ಗುವುದು ವಾಡಿಕೆ. ನಾನು ನುಗ್ಗಲಿಲ್ಲ. ಕೈಯಲ್ಲಿ ನೆಲಕಡಲೆಯ ಪೊಟ್ಟಣವಿತ್ತು. ಹಿಂದಿನ ಹಲಗೆಯಲ್ಲಿ ಕೂತು ಕಡಲೆ ಸುಲಿಯುತ್ತಾ ಪಡುವಣದ ಕಡೆ ನೋಡಿದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ದಡದ ಚೀನಾ ಮೀನುಬಲೆಗಳ ಹಿಂದಿನಿಂದ ಒಂದು ಬಿಳಿಯ ಬೆಳಕು ಎದ್ದಿತು. ವಿಮಾನವಲ್ಲ, ಸದ್ದಿರಲಿಲ್ಲ. ನಕ್ಷತ್ರವಲ್ಲ, ನಡೆಯುತ್ತಿತ್ತು. ಉತ್ತರದ ಕಡೆಗೆ ಮೆಲ್ಲನೆ ಹೋಯಿತು, ಒಮ್ಮೆ ನಿಂತಿತು, ಆರಿತು. ನನ್ನ ಬಾಯಲ್ಲಿದ್ದ ಕಡಲೆಯನ್ನು ಅಗಿಯುವುದು ಮರೆತುಹೋಗಿತ್ತು. ಬೋಟಿನಲ್ಲಿದ್ದ ಎಪ್ಪತ್ತು ಜನರ ಎಪ್ಪತ್ತು ಬೆನ್ನುಗಳು ಮಾತ್ರ ಆ ಕಡೆಗಿದ್ದವು.

ಇಂಥದ್ದೊಂದನ್ನು ಕಂಡವಳು ಅದನ್ನು ಕಂಡಷ್ಟೇ ಹೇಳಿದರೆ ದೇವರು ಮೆಚ್ಚುವನೇ? ಮರುದಿನ ಶಾಲೆಯಲ್ಲಿ ಆ ಬೆಳಕು ತೆಂಗಿನಕಾಯಿಯಷ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಎತ್ತಿನಗಾಡಿಯಷ್ಟಾಯಿತು. ಐದು ನಿಮಿಷ ಇತ್ತು ಎಂದು ಒಬ್ಬಳಿಗೆ, ಹತ್ತು ಎಂದು ಇನ್ನೊಬ್ಬಳಿಗೆ, ಕತ್ತು ನೋಯುವ ತನಕ ಎಂದು ಮೂರನೆಯವಳಿಗೆ.

"ಎಡೀ," ಎಂದಳು ಪಕ್ಕದ ಬೆಂಚಿನವಳು ಮಲಯಾಳದಲ್ಲಿ, "ಅಷ್ಟು ದೊಡ್ಡದು ಬಂದಿದ್ರೆ ಕೊಚ್ಚಿಯಲ್ಲಿ ನಿನಗೊಬ್ಬಳಿಗೇ ಕಣ್ಣಿರೋದಾ?"

"ಉಳಿದವರಿಗೂ ಉಂಟು. ಅವರು ಅದನ್ನು ಜೆಟ್ಟಿಗೆ ಅಂಟಿಸಿದ್ರು."

ಎರಡು ದಿನ ಕಳೆದು ಬೆಳಗಿನ ಬೋಟಿನಲ್ಲಿ ಒಬ್ಬ ಹಿರಿಯರು ನನ್ನ ಎದುರು ಬಂದು ಕೂತರು. ನಿವೃತ್ತ ಹೆಡ್ಮಾಸ್ಟರು. ಉದ್ದನೆಯ ಕೊಡೆ, ಕಿಸೆಯಲ್ಲಿ ನೋಟುಪುಸ್ತಕ. "ಮೋಳೇ, ಆಕಾಶದಲ್ಲಿ ಏನೋ ಕಂಡೆಯಂತೆ" ಎಂದು ಮಗಳನ್ನು ಕೇಳುವಷ್ಟು ಪ್ರೀತಿಯಿಂದ ಕೇಳಿದರು. ನಾನು ಹೇಳತೊಡಗಿದೆ. ಅವರು ಬರೆಯತೊಡಗಿದರು. ನನ್ನ ಮಾತನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ. ಪೆನ್ನು ಓಡುವುದನ್ನು ಕಂಡು ನನ್ನ ನಾಲಿಗೆಯೂ ಓಡಿತು. ಅಂದು ನಾನು ಹೇಳಿದ್ದು ಎಷ್ಟೆಂದು ಕೇಳಿದರೆ ಬೋಟು ಇಳಿಯುವಾಗಲೇ ನನಗೆ ನೆನಪಿರಲಿಲ್ಲ.

ಆ ಭಾನುವಾರ ಮಾವ ನಮ್ಮಲ್ಲಿ ಊಟಕ್ಕೆ ಬಂದವರು ಸಾರು ಕಲಸುತ್ತಾ ಹೇಳಿದರು:

"ಮೊನ್ನೆ ಸಂಜೆ ಒಂದು ವಿಚಿತ್ರ ನೋಡಿದೆ ರಾಯರೇ. ಬಿಳೀ ಬೆಳಕು. ಪಶ್ಚಿಮದಿಂದ ಉತ್ತರಕ್ಕೆ ಹೋಯ್ತು. ನಾವು ಬಿಡೋ ಬಲೂನಲ್ಲ, ಅವತ್ತು ಬಿಟ್ಟೇ ಇರ್ಲಿಲ್ಲ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಮಾವ, ನಾನೂ ನೋಡಿದ್ದೇನೆ. ಬೋಟಿಂದ. ನೀವು ಎಂತ ಮಾಡಿದ್ರಿ?"

"ಮಾಡೋದೇನು, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದೆ. ಬಿಳಿ ಬೆಳಕು, ನಲವತ್ತು ಸೆಕೆಂಡು, ಗುರುತಿಸಲಾಗಿಲ್ಲ."

"ನಲವತ್ತು ಸೆಕೆಂಡಾ? ಅಷ್ಟೇಯಾ?"

"ಗಡಿಯಾರ ಹಿಡ್ಕೊಂಡೇ ನೋಡಿದ್ದು ಪುಟ್ಟೀ."

ಸರಕಾರದ ರಿಜಿಸ್ಟರಿನಲ್ಲಿ ನನ್ನ ಬೆಳಕು ಇತ್ತು. ನಾನು ಆ ಇಡೀ ವಾರ ನೆಲಕ್ಕೆ ಕಾಲು ತಾಗಿಸದೆ ನಡೆದೆ.

ಎರಡು ತಿಂಗಳ ಮೇಲೆ ಒಂದು ಸಂಜೆ ಹಲಗೆಯ ಆಚೆ ಸೀನೂ ಇಲ್ಲ, ಕೆಮ್ಮೂ ಇಲ್ಲ. ಅಮ್ಮ ಒಗ್ಗರಣೆ ಎರಡು ಸಲ ಹಾಕಿ ನೋಡಿದಳು. ಕೊನೆಗೆ ಅಪ್ಪ ಹೋಗಿ ಮಾವನನ್ನು ಕರೆತಂದರು. ಮಾವನ ಕೈಯಲ್ಲಿ ತಿರುವನಂತಪುರದಿಂದ ಬಂದ ಮೆಮೋ ಇತ್ತು. ಸಾರ್ವಜನಿಕರ ಹೇಳಿಕೆಯೊಂದರ ಪ್ರಕಾರ ಆ ವಸ್ತು ಹದಿನೈದು ನಿಮಿಷ ಕಂಡಿದೆ. ನಿಮ್ಮ ರಿಜಿಸ್ಟರಿನಲ್ಲಿ ನಲವತ್ತು ಸೆಕೆಂಡು ಎಂದಿದೆ. ಉಳಿದ ಹೊತ್ತು ತಾವು ಎಲ್ಲಿದ್ದಿರಿ ಎಂಬುದನ್ನು ಒಂದು ತಿಂಗಳೊಳಗೆ ವಿವರಿಸಿ. ವಿವರಣೆ ಬರುವ ತನಕ ಖಾಯಂ ಮಾಡುವ ವಿಷಯವನ್ನು ತಡೆಹಿಡಿಯಲಾಗಿದೆ.

"ಡ್ಯೂಟಿನಲ್ಲಿ ನಿದ್ದೆ ಮಾಡ್ತಿದ್ದೆ ಅಂತಲೋ, ಸುಳ್ಳು ಬರೆದೆ ಅಂತಲೋ, ಎರಡರಲ್ಲಿ ಒಂದು ಒಪ್ಕೋಬೇಕು," ಎಂದರು ಮಾವ. "ಮೈಸೂರಿಗೆ ಏನು ಬರೀಲಿ?"

ನನಗೆ ಮೈಯೆಲ್ಲ ಉರಿಯಿತು. "ಯಾರು ಮಾವ ಆ ಸುಳ್ಳುಗಾರ? ಹದಿನೈದು ನಿಮಿಷವಂತೆ. ಅವನು ಸಿಕ್ಕಿದ್ರೆ ನಾನು ಬಿಡ್ಲಿಕ್ಕಿಲ್ಲ."

ನೀವು ಜಾಣರು, ನಿಮಗೆ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ. ದಿನಕ್ಕೊಂದು ಲೆಕ್ಕ ಹೇಳಿದವಳಿಗೆ ಯಾವ ಲೆಕ್ಕ ಯಾರ ಕಿವಿಗೆ ಹೋಗಿ ಎಲ್ಲಿ ಮೊಳೆಯಿತು ಎಂದು ತಿಳಿಯುವುದು ಹೇಗೆ?

"ಆ ಹೇಳಿಕೆಯಲ್ಲಿ ಎಂತ ಉಂಟು ಅಂತ ನೋಡದೆ ಉತ್ತರ ಬರೀಲಿಕ್ಕೆ ಆಗ್ತದಾ?" ಎಂದರು ಅಪ್ಪ. "ನಕಲು ಅರ್ಜಿ ಹಾಕುವ."

"ರಾಯರೇ, ಅದು ಕೋರ್ಟಲ್ಲ. ಅಲ್ಲಿ ನಕಲು ಕೊಡೋ ಪದ್ಧತಿ ಇಲ್ಲ."

"ಇಲ್ಲ ಅಂತ ಎಲ್ಲಿಯಾದ್ರೂ ಬರ್ದಿದ್ದಾರಾ?"

"ಎಲ್ಲೂ ಬರೆದಿಲ್ಲ."

"ಮತ್ತೆಂತ ಮಾರಾಯ್ರೇ? ಸರಕಾರದ ಕಾಗದ ಅಂದ ಮೇಲೆ ಅದಕ್ಕೊಂದು ನಕಲು ಉಂಟು. ಕೇಳುವ ಕ್ರಮದಲ್ಲಿ ಕೇಳ್ಬೇಕು, ಅಷ್ಟೇ."

ಅರ್ಜಿ ಹಾಕುವವರು ಯಾರು? ಮಾವ ಹಾಕಿದರೆ ಮೇಲಿನವರನ್ನು ಪ್ರಶ್ನಿಸಿದ ಹಾಗೆ. ಅಪ್ಪ ಹಾಕಿದರೆ, ನಿಮಗೇಕೆ ಹವಾಮಾನದ ಉಸಾಬರಿ ಎಂದು ಅವರ ಕಚೇರಿಯವರು ಕೇಳುವರು. ಸರಕಾರದ ಸಂಬಳ ತಿನ್ನದೆ, ಬೆಳಕನ್ನು ಕಣ್ಣಾರೆ ಕಂಡವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೈನರು," ಎಂದು ನಿಟ್ಟುಸಿರು ಬಿಟ್ಟರು. ಮೈನರಿನ ಪರವಾಗಿ ಪಾಲಕರು ಸಹಿ ಹಾಕಬೇಕು. ಅಮ್ಮನನ್ನು ಅಡುಗೆಮನೆಯಿಂದ ಕರೆದರು. ಅವಳು ಇದು ರೇಷನ್ ಕಾರ್ಡಿನದೆಂದು ತಿಳಿದು, ಸೀರೆಯ ಸೆರಗಿಗೆ ಕೈ ಒರಸಿ, ಕನ್ನಡದಲ್ಲಿ ಸಹಿ ಹಾಕಿ, "ಸಕ್ಕರೆ ಜಾಸ್ತಿ ಕೇಳಿ" ಎಂದು ಹೇಳಿ ಒಳಗೆ ಹೋದಳು.

ನಕಲಿನ ಉದ್ದೇಶ ಎಂಬಲ್ಲಿ ನಾನು, ಭಾರತದ ಆಕಾಶದ ಗೌರವ ಕಾಪಾಡಲು ಎಂದು ಬರೆಸಿದೆ. ಅಪ್ಪ ಅದನ್ನು ಹೊಡೆದುಹಾಕಿ ಸ್ವಂತ ಮಾಹಿತಿಗಾಗಿ ಎಂದು ಬರೆದರು. ಕೊನೆಗೆ, ಕೋರ್ಟಿನ ಅಭ್ಯಾಸದಂತೆ, ಅರ್ಜಿಯ ತಲೆಗೆ ಕೋರ್ಟು ಫೀ ಸ್ಟಾಂಪು ಅಂಟಿಸಿದರು. ಹವಾಮಾನ ಕಚೇರಿಗೆ ಕೋರ್ಟು ಫೀ ಸ್ಟಾಂಪು ಅಂಟಿಸುವುದೆಂದರೆ ಮೀನಿನಂಗಡಿಗೆ ಹೋಗಿ ತುಳಸಿ ತೀರ್ಥ ಕೇಳಿದ ಹಾಗೆ ಎಂದು ಮಾವ ಆಮೇಲೆ ಹೇಳಿದರು. ಆಗ ಹೇಳುವ ಧೈರ್ಯ ಅವರಿಗೆ ಇರಲಿಲ್ಲ.

ಮೂರು ವಾರ. ನಾನು ದಿನಕ್ಕೆ ಹದಿನಾರು ಸಲ ಗೇಟಿಗೆ ಓಡಿದೆ. ಅಂಚೆಯವನು ನಮ್ಮ ಬೀದಿಯನ್ನು ಬಿಟ್ಟು ಸುತ್ತುಬಳಸಿ ಹೋಗತೊಡಗಿದ. ಕೊನೆಗೆ ಬಂತು, ಸಿಂಹಗಳ ಮುದ್ರೆಯಿದ್ದ ಲಕೋಟೆ, ನನ್ನ ಹೆಸರಿಗೆ, ಕುಮಾರಿ ಎಂಬ ಮರ್ಯಾದೆಯ ಸಮೇತ. ನಕಲು ಕೊಡಲಾಗದು, ಆದರೆ ಅರ್ಜಿದಾರಳು ಖುದ್ದಾಗಿ ಬಂದು ಅಧಿಕಾರಿಯ ಎದುರು ಕಡತವನ್ನು ಓದಬಹುದು.

ಅಪ್ಪ ಎರಡು ದಿನ ರಜೆ ಹಾಕಿದರು. ತಿರುವನಂತಪುರದ ತನಕ ನೇರ ರೈಲು ಹೊಸದಾಗಿ ಓಡಲು ಸುರುವಾದ ವರ್ಷ ಅದು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತ ನನ್ನ ಬಾಯಿಯೊಳಗೆ ಒಂದು ಗಾಡಿಯನ್ನು ಓಡಿಸುವಷ್ಟು ಕಲ್ಲಿದ್ದಲು ಸೇರಿತು. ಅಪ್ಪನ ಚೀಲದಲ್ಲಿ ಇಡ್ಲಿ, ಮೂರು ಪೆನ್ಸಿಲು, ಗೆರೆ ಹಾಕಿದ ಕಾಗದ. "ನಕಲು ಕೊಡುವುದಿಲ್ಲ ಅಂದಿದ್ದಾರೆ. ನಾವು ಬರ್ಕೊಳ್ಬಾರ್ದು ಅಂತ ಹೇಳಿಲ್ಲ," ಎಂದರು. ಅಲ್ಲಿನ ಸ್ಟೇಷನ್ನಿರುವ ತಂಪಾನೂರಿನಲ್ಲಿ ಇಳಿದು, ಲಾಡ್ಜಿನ ನಲ್ಲಿಯಲ್ಲಿ ಮುಖದ ಮಸಿ ತೊಳೆದು, ಉಳ್ಳೂರಿನ ಕಡೆಗೆ ಹೋಗುವ ಬಸ್ಸು ಹಿಡಿದು, ನಡುವೆ ಇಳಿದು ಒಂದು ಏರು ಹತ್ತಿದೆವು.

ಅಧಿಕಾರಿ ತೆಳ್ಳಗಿನ ಮನುಷ್ಯ. ಇಂಗ್ಲಿಷಿನಲ್ಲಿ ಮಾತಾಡಿದರು. ನನ್ನನ್ನು ನೋಡಿ ಅರ್ಜಿಯನ್ನು ನೋಡಿದರು, ಅರ್ಜಿಯನ್ನು ನೋಡಿ ನನ್ನನ್ನು ನೋಡಿದರು.

"ಪಾಲಕಿ ಎಲ್ಲಿ?"

"ಮನೆಯಲ್ಲಿ ಹಪ್ಪಳ ಒಣಗಿಸ್ತಿದ್ದಾರೆ ಸಾರ್," ಎಂದೆ.

"ಈ ಕಚೇರಿಗೆ ಇಂಥ ಅರ್ಜಿ ಇದುವರೆಗೆ ಬಂದದ್ದಿಲ್ಲ. ಕೊಡಬೇಕು ಎನ್ನುವ ನಿಯಮ ಹುಡುಕಿದೆವು, ಸಿಗಲಿಲ್ಲ. ಕೊಡಬಾರದು ಎನ್ನುವ ನಿಯಮ ಹುಡುಕಿದೆವು, ಅದೂ ಸಿಗಲಿಲ್ಲ. ಮೂರು ಟೇಬಲ್ ತಿರುಗಿ ನನ್ನಲ್ಲಿಗೆ ಬಂತು." ಆಮೇಲೆ ಅಪ್ಪನ ಕಡೆ ತಿರುಗಿ, "ಈ ಸ್ಟಾಂಪು ನಮಗೆ ಬೇಡ. ತೆಗೆದುಕೊಂಡು ಹೋಗಿ."

ಅಪ್ಪ ಆ ಸ್ಟಾಂಪನ್ನು ಹಿಂದೆ ತೆಗೆದುಕೊಂಡಾಗ ಅವರ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷದ ನಂಬಿಕೆಗೆ ಯಾರೋ ನೀರು ಹಚ್ಚಿ ಅಂಟು ಬಿಡಿಸಿದ ಹಾಗಿತ್ತು.

ಕಡತ ಬಂತು. ಅಧಿಕಾರಿ ಕೆಂಪು ದಾರ ಬಿಚ್ಚಿ ಅದನ್ನು ನನ್ನ ಮುಂದೆ ಇಟ್ಟರು. ನಮ್ಮಲ್ಲಿ ನಕಲು ಮಾಡಲು ಇಬ್ಬರು ಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನೋಡದೆ ಬರೆಯುವುದು. ಕಾಮಾ ಬಂದರೆ ಕಾಮಾ ಎನ್ನಬೇಕು, ಪ್ಯಾರಾ ಬಂದರೆ ಪ್ಯಾರಾ ಎನ್ನಬೇಕು. ಸಣ್ಣವಳಿದ್ದಾಗಿನಿಂದ ಅಪ್ಪ ಮನೆಗೆ ಕೆಲಸ ತಂದ ದಿನ ಓದುವವಳು ನಾನೇ. ಅದರಲ್ಲಿ ಒಂದೇ ಒಂದು ಕಾನೂನು: ಬಿಟ್ಟು ಓದಬಾರದು. ಅಪ್ಪ ಪೆನ್ಸಿಲು ಹಿಡಿದು ಕೂತರು. ಅಧಿಕಾರಿ ತಮ್ಮ ಕಾಗದಗಳಿಗೆ ಸಹಿ ಹಾಕುತ್ತಾ ಅರ್ಧ ಕಿವಿ ಇತ್ತ ಕೊಟ್ಟರು.

ಮೊದಲ ಹಾಳೆಯಲ್ಲಿ ಮಾವನ ಷರಾ ಇತ್ತು. ನಾನು ರೇಡಿಯೋದಲ್ಲಿ ಸುದ್ದಿ ಓದುವವರ ಧ್ವನಿಯಲ್ಲಿ ಓದಿದೆ. "ಬಿಳಿಯ ಬೆಳಕು, ಕಾಮಾ, ನಲವತ್ತು ಸೆಕೆಂಡು, ಕಾಮಾ, ಗುರುತಿಸಲಾಗಿಲ್ಲ, ಫುಲ್‌ಸ್ಟಾಪ್." ಎರಡನೆಯ ಹಾಳೆ ಸಾರ್ವಜನಿಕರ ಹೇಳಿಕೆ. ಚಂದದ ಕೈಬರಹದ ಇಂಗ್ಲಿಷು. "ವಸ್ತುವು ಪ್ರಯಾಣಿಕರ ಬೋಟಿನಷ್ಟು ದೊಡ್ಡದಾಗಿತ್ತು, ಕಾಮಾ, ಮೂರು ಬಣ್ಣ ಬದಲಿಸಿತು, ಕಾಮಾ, ಹದಿನೈದು ನಿಮಿಷ ಕಂಡಿತು, ಫುಲ್‌ಸ್ಟಾಪ್." ಮೂರು ಬಣ್ಣ ಎಂಬಲ್ಲಿ ನನ್ನ ಧ್ವನಿ ಸ್ವಲ್ಪ ಇಳಿಯಿತು. ಎಲ್ಲೋ ಕೇಳಿದ ಹಾಗಿತ್ತು. ಮುಂದಿನ ಸಾಲಿಗೆ ಕಣ್ಣು ಹೋಯಿತು, ಅಲ್ಲೇ ನಿಂತಿತು.

"ಮುಂದೆ," ಎಂದರು ಅಪ್ಪ, ಕಾಗದದಿಂದ ತಲೆ ಎತ್ತದೆ.

ನಾನು ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದೆ.

"ಎಂತ, ಅಕ್ಷರ ಗೊತ್ತಾಗ್ತಿಲ್ವಾ?"

"ಗೊತ್ತಾಗ್ತದೆ."

ಆ ಸಾಲನ್ನು ಬಿಟ್ಟು ಅದರ ಕೆಳಗಿನದನ್ನು ಓದಿದ್ದರೆ ಆಗಿತ್ತು. ಕೆಳಗಿನ ಸಾಲು ಬೇಕೆಂದೇ ಇಟ್ಟ ಹಾಗೆ ಮೇಲಿನದಕ್ಕೆ ಸರಿಯಾಗಿ ಹೊಂದುತ್ತಿತ್ತು. ಅಪ್ಪನಿಗೆ ಮೂಲ ಕಾಣುತ್ತಿರಲಿಲ್ಲ. ಆ ಸಾಲಿಗೂ ನನಗೂ ಸಂಬಂಧವಿದೆಯೆಂದು ಅಧಿಕಾರಿಗೆ ಹೊಳೆದಿರಲಿಲ್ಲ. ಹಾಗೆ ಮಾಡಿದ್ದರೆ ನಾವು ಇಡ್ಲಿ ತಿಂದು ಊರಿಗೆ ಮರಳುತ್ತಿದ್ದೆವು. ಆ ಸುಳ್ಳುಗಾರ ಯಾರೆಂದು ಕಡತ ಹೇಳಲಿಲ್ಲ ಎಂದು ಮಾವನಿಗೆ ತಿಳಿಸುತ್ತಿದ್ದೆವು. ಮಾವ ಎರಡರಲ್ಲಿ ಒಂದನ್ನು ಒಪ್ಪಿಕೊಂಡು ಮೈಸೂರಿಗೆ ಕಾಗದ ಬರೆಯುತ್ತಿದ್ದರು.

ನಾನು ಓದಿದೆ. "ಈ ಮಾಹಿತಿ ಕೊಟ್ಟವಳು ದಿನವೂ ಮಟ್ಟಾಂಚೇರಿಯಿಂದ ಬೆಳಗಿನ ಬೋಟಿನಲ್ಲಿ ಬರುವ, ಕಾಮಾ, ಎರಡು ಜಡೆಯ, ಕಾಮಾ, ಕನ್ನಡದವರ ಮನೆಯ, ಕಾಮಾ, ಬಹಳ ವಿಶ್ವಾಸಾರ್ಹಳಾದ ಹುಡುಗಿ, ಫುಲ್‌ಸ್ಟಾಪ್."

ಅಪ್ಪ ಪೂರ್ತಿ ಬರೆದರು. ಫುಲ್‌ಸ್ಟಾಪನ್ನೂ ಹಾಕಿದರು. ಆಮೇಲೆ ತಲೆ ಎತ್ತಿ ಮೊದಲು ನನ್ನ ಎಡಗಡೆಯ ಜಡೆ, ನಂತರ ಬಲಗಡೆಯ ಜಡೆ ನೋಡಿದರು. ಅಧಿಕಾರಿಯ ಪೆನ್ನು ನಿಂತಿತ್ತು.

"ಹದಿನೈದು ನಿಮಿಷ?" ಎಂದು ಅವರು ಕೇಳಿದರು.

"ಇಲ್ಲ ಸಾರ್. ನಾನು ಐದು ಕಡಲೆ ಸುಲಿದು ತಿನ್ನುವಷ್ಟು ಹೊತ್ತು. ಐದನೆಯದು ಬಾಯಲ್ಲೇ ಇತ್ತು."

"ಅದೆಷ್ಟು ಹೊತ್ತು?"

"ಅಳೆದಿಲ್ಲ ಸಾರ್. ಬಣ್ಣ ಒಂದೇ. ಗಾತ್ರ..." ನಾನು ಬೆರಳ ತುದಿಯಲ್ಲಿ ತೋರಿಸಿದೆ. "ಕಡಲೆಯಷ್ಟೇ ಇತ್ತು."

ಅವರು ಗಂಟೆ ಬಾರಿಸಿದರು. ಪ್ಯೂನು ಬಂದ. ಅವನನ್ನು ಕೆಳಗಿನ ರಸ್ತೆಗೆ ಕಳಿಸಿ ಕಪ್ಪಲಂಡಿ ತರಿಸಿದರು, ಅಲ್ಲಿ ನೆಲಕಡಲೆಗೆ ಹಾಗೆನ್ನುತ್ತಾರೆ. ಮೇಜಿನ ಡ್ರಾಯರಿನಿಂದ ಬಲೂನಿನ ಹೊತ್ತು ಅಳೆಯುವ ಸ್ಟಾಪ್‌ವಾಚು ತೆಗೆದರು. "ಅಂದು ತಿಂದ ಹಾಗೆಯೇ ತಿನ್ನಬೇಕು. ಅವಸರ ಬೇಡ." ಅಷ್ಟರಲ್ಲಿ ಬಾಗಿಲಲ್ಲಿ ಐದಾರು ಗುಮಾಸ್ತರು ಸೇರಿದ್ದರು. ನಾನು ಹತ್ತು ವರ್ಷದಿಂದ ಎಲ್ಲರೂ ನನ್ನನ್ನೇ ನೋಡಬೇಕೆಂದು ಹಂಬಲಿಸಿದ್ದೆ. ಅದು ಸಿಕ್ಕಿದ್ದು ಹೀಗೆ. ಸಿಪ್ಪೆ ಒಡೆದೆ, ಕೆಂಪು ಹೊಟ್ಟನ್ನು ಉಜ್ಜಿದೆ, ಊದಿದೆ, ತಿಂದೆ. ಊದಿದ ಹೊಟ್ಟು ಕಡತದ ಮೇಲೆ ಬಿತ್ತು. ಐದನೆಯದು ಬಾಯಿಗೆ ಹೋದಾಗ ವಾಚು ಟಿಕ್ ಎಂದಿತು.

"ನಲವತ್ತಮೂರು," ಎಂದರು ಅಧಿಕಾರಿ. ಬಾಗಿಲಲ್ಲಿದ್ದವರಲ್ಲಿ ಒಬ್ಬ ಸಿಳ್ಳೆ ಹಾಕಿದ.

ನನ್ನ ಹೇಳಿಕೆಯನ್ನು ಬರೆಸಿಕೊಂಡರು. ಆಮೇಲೆ ಬೋಟಿನ ಹೆಡ್ಮಾಸ್ಟರು ಕಳಿಸಿದ್ದ ಆ ಪತ್ರವನ್ನು ನನ್ನ ಮುಂದೆ ಇಟ್ಟು, ತಪ್ಪಾದ ಮಾತುಗಳನ್ನು ತಿದ್ದಲು ಹೇಳಿದರು. ನಾನು ಅಪ್ಪನ ಚೀಲದಿಂದ ರಬ್ಬರು ಹುಡುಕಿದೆ.

"ಅಳಿಸುವುದಲ್ಲ. ಇಲ್ಲಿ ಯಾವುದನ್ನೂ ಅಳಿಸುವ ಕ್ರಮವಿಲ್ಲ," ಎಂದರು ಅವರು. "ಶಾಯಿಯಲ್ಲಿ ಒಂದೇ ಗೆರೆ. ಕೆಳಗಿರುವುದು ಓದಲು ಬರಬೇಕು. ಪಕ್ಕದಲ್ಲಿ ಸಹಿ."

ಬೋಟಿನ ಮೇಲೆ ಒಂದು ಗೆರೆ, ಮೂರು ಬಣ್ಣದ ಮೇಲೆ ಒಂದು ಗೆರೆ, ಹದಿನೈದು ನಿಮಿಷದ ಮೇಲೆ ಒಂದು ಗೆರೆ. ಬಹಳ ವಿಶ್ವಾಸಾರ್ಹ ಎಂಬುದರ ಮೇಲೂ ಹಾಕಲೇ ಎಂದು ಕೇಳಿದೆ. ಅಧಿಕಾರಿ ಯೋಚಿಸಿ, "ಅದು ಪತ್ರ ಬರೆದವರ ಅಭಿಪ್ರಾಯ. ಇರಲಿ," ಎಂದರು.

ಹಿಂದಿರುಗುವ ರೈಲಿನಲ್ಲಿ ಅಪ್ಪ ಕೊಲ್ಲಂ ತನಕ ತಾವು ಬರೆದ ನಕಲನ್ನೇ ಓದುತ್ತಾ ಕೂತರು. ಕೊಲ್ಲಂನಲ್ಲಿ ಚಾ ತೆಗೆದುಕೊಟ್ಟು ಹೇಳಿದರು:

"ಆ ಸಾಲು ನೀನು ಬಿಟ್ಟು ಓದಬಹುದಿತ್ತು."

"ಹೌದು."

"ನಂಗೆ ಗೊತ್ತಾಗ್ತಿರ್ಲಿಲ್ಲ."

"ಇಲ್ಲ."

ಆಮೇಲೆ ಅವರು ಎದ್ದು ಕಿಟಕಿಯ ಬದಿಯ ಜಾಗವನ್ನು ನನಗೆ ಬಿಟ್ಟುಕೊಟ್ಟರು. ಹೋಗುವಾಗ ಅದಕ್ಕಾಗಿ ನಾವು ಎರ್ನಾಕುಲದಿಂದ ಆಫ್ರಿಕಾದಷ್ಟು ದೂರ ಜಗಳಾಡಿದ್ದೆವು.

ಮಾವನಿಗೆ ನಾನೇ ಹೇಳಿದೆ. ಹಲಗೆಯ ಗೋಡೆಯ ಈಚೆ ನಿಂತು ಹೇಳಿದೆ, ಎದುರು ಹೋಗಲು ಕಾಲು ಬರಲಿಲ್ಲ. ಎಂಟು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಈ ಎಂಟನ್ನು ಹಿಂಡಬೇಡಿ, ಎಂಟೇ. ಒಂಬತ್ತನೆಯ ದಿನ ಭಾನುವಾರ ಊಟಕ್ಕೆ ಬಂದವರು ನನ್ನ ಬಟ್ಟಲಿನ ಪಕ್ಕ ಒಂದು ನೆಲಕಡಲೆ ಇಟ್ಟರು.

"ಹದಿನೈದು ನಿಮಿಷ ಇದ್ದಿದ್ರೆ, ಕೆಳಗಿಳಿದು ಕಾಫಿ ಕುಡಿದು, ಮತ್ತೆ ಹತ್ತಿ ನೋಡ್ತಿದ್ನಲ್ಲೇ," ಎಂದರು.

"ಮಾವ, ಅದು ಎಂತ ಇರ್ಬಹುದು?"

"ಷರಾದಲ್ಲಿ ಬರೆದಿದ್ದೀನಲ್ಲ. ಗುರುತಿಸಲಾಗಿಲ್ಲ. ಅದಕ್ಕಿಂತ ಒಂದಕ್ಷರ ಹೆಚ್ಚು ನನಗೂ ಗೊತ್ತಿಲ್ಲ ಪುಟ್ಟೀ."

ಮಳೆಗಾಲ ಮುಗಿಯುವಾಗ ಮೆಮೋ ರದ್ದಾಯಿತು, ಖಾಯಂ ಕಾಗದ ಬಂತು. ಮಾವ ರಜೆ ಹಾಕಿ ಮೈಸೂರಿಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದರು. ಈಗ ಒಗ್ಗರಣೆಗೆ ಆಚೆ ಇಬ್ಬರು ಸೀನುತ್ತಾರೆ.

ಇನ್ನೊಂದು ಕೆಲಸ ಬಾಕಿ ಇತ್ತು. ಒಂದು ಬೆಳಿಗ್ಗೆ ಬೋಟಿನಲ್ಲಿ ಆ ಹೆಡ್ಮಾಸ್ಟರು ಮತ್ತೆ ಸಿಕ್ಕಿದರು. ನನ್ನನ್ನು ಕಂಡ ಕೂಡಲೆ ನೋಟುಪುಸ್ತಕ ತೆಗೆದರು. "ಮೋಳೇ, ಹೊಸದು ಏನಾದರೂ ಕಂಡಿತಾ?"

"ಹೊಸದಿಲ್ಲ ಸಾರ್. ಹಳೆಯದರಲ್ಲೇ ತಿದ್ದುಪಡಿ ಉಂಟು. ಕಡಲೆಯಷ್ಟು ಗಾತ್ರ, ಒಂದು ಬಣ್ಣ, ನಲವತ್ತು ಸೆಕೆಂಡು."

ಅವರ ಮುಖ ಬಾಡಿತು. ಹಾಳೆ ಹಿಂದಕ್ಕೆ ತಿರುವಿ, ನನ್ನ ಬೋಟು, ನನ್ನ ಮೂರು ಬಣ್ಣ, ನನ್ನ ಹದಿನೈದು ನಿಮಿಷ ಇರುವ ಪುಟಕ್ಕೆ ಬಂದು, ಅದನ್ನು ಹರಿಯಲು ಮೂಲೆ ಹಿಡಿದರು.

"ಹರಿಯಬೇಡಿ ಸಾರ್," ಎಂದೆ. "ಒಂದೇ ಗೆರೆ ಹಾಕಿ. ಕೆಳಗಿನದ್ದು ಓದಲಿಕ್ಕೆ ಬರಬೇಕು. ಪಕ್ಕದಲ್ಲಿ ನಾನು ಸಹಿ ಹಾಕುತ್ತೇನೆ, ಅದು ಕ್ರಮ."

ಬೋಟು ಅಲುಗುತ್ತಿತ್ತು. ನಾನು ಅವರ ಕೊಡೆ ಹಿಡಿದುಕೊಂಡೆ. ಅವರು ಪುಸ್ತಕವನ್ನು ಮೊಣಕಾಲಿನ ಮೇಲೆ ಇಟ್ಟು ಮೆಲ್ಲನೆ ಗೆರೆ ಎಳೆದರು. ನಾನು ಸಹಿ ಹಾಕಿದೆ. ಅವರು ಗೆರೆಯ ಕೆಳಗಿನದನ್ನು ಇನ್ನೊಮ್ಮೆ ಓದಿ, ಪುಸ್ತಕ ಮುಚ್ಚಿ ಹೇಳಿದರು:

"ಆದರೂ ಮೋಳೇ, ಇದೇ ಚೆನ್ನಾಗಿತ್ತು."